ಎದೆ ಮೂವತ್ತೇಳು

ಎದೆ ಎಂದರೆ ನಮಗೆ ನಿಮಗೆ ಏನೇನೋ ಆಗಿರಬಹುದು, ಈ ಟೈಲರಿಗೆ ಮಾತ್ರ ಅದು ಮೂವತ್ತೊಂದು ವರ್ಷದಿಂದ ಬರೀ ಅಂಕಿ. ಮೂವತ್ತಾರು, ಮೂವತ್ತೆಂಟು, ನಲವತ್ತು. ಊಟಕ್ಕೆ ಕೂತಾಗಲೂ ಕೊರಳಲ್ಲಿ ಟೇಪು ಜೋತಾಡುತ್ತಿದ್ದುದರಿಂದ ಓಣಿಯವರು ಅವನಿಗೆ ಇಂಚುಟೇಪು ಎಂದೇ ಹೆಸರಿಟ್ಟಿದ್ದರು.

ಅಳತೆ ಕೊಡುವಾಗ ಗಂಡಸರೆಲ್ಲ ಎದೆಯುಬ್ಬಿಸುತ್ತಾರೆ. ಹಾಗೆ ಅಳೆದು ಹೊಲಿದರೆ ಕೋಟು ಗೂಟಕ್ಕೆ ಹಾಕಿದಂತೆ ನೇತಾಡುತ್ತದೆ. ಅದಕ್ಕೆ ಇಂಚುಟೇಪು ಒಂದು ಉಪಾಯ ಕಂಡುಕೊಂಡಿದ್ದ. ಟೇಪು ಸುತ್ತಿದವನೇ, "ಮತ್ತೆ, ಹುಷಾರಾ?" ಎನ್ನುತ್ತಿದ್ದ. ಉತ್ತರ ಹೇಳಲು ಬಾಯಿ ತೆರೆದರೆ ಗಾಳಿ ಇಳಿಯಲೇಬೇಕಲ್ಲ, ಸರಿಯಾದ ಅಳತೆ ಆಗ ಸಿಗುತ್ತಿತ್ತು. ಅವರು ಏನೆಂದರು ಎಂಬುದು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಇಂಥ ಪಳಗಿದ ಕೈ ಎರಡು ತಿಂಗಳಿಂದ ನಡುಗತೊಡಗಿತ್ತು. ಹೊಲಿಯುವಾಗ ಇಲ್ಲ, ಗುಂಡಿ ಹಚ್ಚುವಾಗ ಇಲ್ಲ. ಕತ್ತರಿ ಹಿಡಿದಾಗ ಮಾತ್ರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬಟ್ಟೆ ಕತ್ತರಿಸಿದರೂ ಅಷ್ಟೇ. ಮೇಜಿನ ಮೇಲೆ ಅಣ್ಣನ ಕೋಟಿನ ಕಡುನೀಲಿ ಬಟ್ಟೆ ಹಾಗೇ ಬಿದ್ದಿತ್ತು. ಅಣ್ಣನ ಮಗಳ ಮದುವೆಗೆ ಉಳಿದಿದ್ದುದು ಒಂದೇ ತಿಂಗಳು. ಡಾಕ್ಟರು ಕೈ ತಿರುಗಿಸಿ ಮುರುಗಿಸಿ ನೋಡಿ, ನರಕ್ಕೇನೂ ಆಗಿಲ್ಲ ಎಂದು ಕಳಿಸಿದ್ದರು.

ಹೆಂಡತಿ ವಾಚನಾಲಯದ ಬಾಗಿಲಲ್ಲಿ ಒಂದು ಚೀಟಿ ನೋಡಿಕೊಂಡು ಬಂದಳು: 'ಹೃದಯದ ಮೇಲೆ ಗಮನ. ಹೊಸಬರಿಗೆ ಧ್ಯಾನ ತರಗತಿ. ನಾಲ್ಕು ಶನಿವಾರ.'

"ಕೈ ನಡುಗಿದ್ರೆ ಎದೆಗ್ಯಾಕೆ ಔಷಧಿ?" ಎಂದ ಇಂಚುಟೇಪು.

"ತೋಳನ್ನ ಎಲ್ಲಿಗ್ರೀ ಹೊಲಿಯೋದು ನೀವು? ಎದೆಗೆ ತಾನೇ? ಸುಮ್ನೆ ಹೋಗ್ಬನ್ನಿ."

ಕಸುಬಿನ ಮಾತು ಹೇಳಿದ ಮೇಲೆ ಅವನು ಎದುರಾಡುವಂತಿರಲಿಲ್ಲ. ಅಳೆದೂ ಸುರಿದೂ ಕೊನೆಗೆ ಹೊರಟ.

ಗಡ್ಡದವರೊಬ್ಬರು ಕಣ್ಣುಮುಚ್ಚಿ ಕೂತಿರುತ್ತಾರೆ, ಗಂಟೆಗಟ್ಟಲೆ ಕಾಲು ಮಡಿಸಬೇಕಾಗುತ್ತದೆ ಎಂದುಕೊಂಡಿದ್ದ. ವಾಚನಾಲಯದ ಮಹಡಿಯಲ್ಲಿ ಇದ್ದದ್ದು ಹತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ನೀರಿನ ಜಗ್ಗು, ಮೂಲೆಯಲ್ಲಿ ಕಣ್ಣೊರೆಸುವ ಕಾಗದದ ಡಬ್ಬಿ. ಕಲಿಸುವವರು ನಿವೃತ್ತ ನರ್ಸು, ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಎದೆ ಮೂವತ್ತನಾಲ್ಕು, ಎಂದು ಅವನ ಕಣ್ಣು ಅಭ್ಯಾಸಬಲದಿಂದ ಲೆಕ್ಕ ಹಾಕಿತು.

"ಮೊದ್ಲೇ ಹೇಳ್ಬಿಡ್ತೀನಿ," ಎಂದರು ಸಿಸ್ಟರ್. "ಬೇಜಾರಾಗತ್ತೆ. ಮೂಗು ತುರಿಸತ್ತೆ. ನಿದ್ದೆ ಬರತ್ತೆ. ಯಾವ್ದೂ ತಪ್ಪಲ್ಲ. ಅಂಗೈ ಎದೆ ಮೇಲಿಟ್ಟು, ಉಸಿರು ಅಲ್ಲಿಂದಾನೇ ಹೋಗಿ ಬರ್ತಿದೆ ಅಂದ್ಕೊಳ್ಳಿ. ಮನಸ್ಸು ಎಲ್ಲಾದ್ರೂ ಓಡಿದ್ರೆ ಬೈಬೇಡಿ, ಕೈ ಹಿಡ್ಕೊಂಡು ವಾಪಸ್ ಕರ್ಕೊಂಬನ್ನಿ. ಪಕ್ಕದವರು ಅತ್ರೆ ಅವರ ಪಾಡಿಗೆ ಬಿಡಿ."

ಹತ್ತು ನಿಮಿಷ. ಪಕ್ಕದ ಕುರ್ಚಿಯ ಬಸ್ ಡ್ರೈವರ್ ಮೂರನೇ ನಿಮಿಷಕ್ಕೇ ಗೊರಕೆಯ ಗೇರು ಹಾಕಿದ. ಇಂಚುಟೇಪಿನ ಮನಸ್ಸೋ, ಅಂಗಡಿಗೆ ಹೋಯಿತು, ಇಸ್ತ್ರಿ ಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ನೋಡಿತು, ದಾರದ ಉಂಡೆ ಎಣಿಸಿತು. ಕರೆದುತಂದ. ಮತ್ತೆ ಹೋಯಿತು. ಮತ್ತೆ ಕರೆದುತಂದ. ಕೊನೆಗೆ ಅಂಗೈಯ ಕೆಳಗೆ ಏನೋ ಒಂದು ಬಂದು ನಿಂತಿತು.

"ಎದೇಲಿ ಏನಿತ್ತು? ಇಷ್ಟ ಇದ್ದೋರು ಹೇಳಿ," ಎಂದರು ಸಿಸ್ಟರ್.

"ಮೂವತ್ತೇಳು," ಎಂದುಬಿಟ್ಟ ಇಂಚುಟೇಪು.

ಎಲ್ಲರೂ ನಕ್ಕರು, ಗೊರಕೆಯವನೂ ಎದ್ದು ನಕ್ಕ. ಸಿಸ್ಟರ್ ನಗಲಿಲ್ಲ. "ಯಾರದು?" ಎಂದರು.

ಅದೇ ಅವನಿಗೆ ಗೊತ್ತಿರಲಿಲ್ಲ. ಅವನದು ಮೂವತ್ತೆಂಟು. ವಾರವಿಡೀ ತಲೆಗೆ ಹುಳ ಬಿಟ್ಟಂತಾಯಿತು. ಬ್ಯಾಂಕಿನ ಮ್ಯಾನೇಜರಿನದೇ? ಅವರು ನಲವತ್ತೆರಡು. ಎದುರಂಗಡಿಯ ಗಡಿಯಾರದವನದೇ? ಅವನು ಮೂವತ್ತೈದೂ ಇಲ್ಲ. ಎರಡನೇ ಶನಿವಾರವೂ ಅಂಗೈ ಕೆಳಗೆ ಅದೇ ಅಂಕಿ. "ಇದೊಳ್ಳೆ ಕತೆಯಾಯ್ತಲ್ಲ, ಬೇರೆಯವರಿಗೆ ದೇವರು ಕಂಡ್ರೆ ನಿಮಗೆ ಗಿರಾಕಿ ಕಾಣ್ತಾನೆ," ಎಂದು ಹೆಂಡತಿ ಕಿಚಾಯಿಸಿದಳು. ಆದರೆ ಯಾರಿರಬಹುದು ಎಂದು ದಿನಕ್ಕೆರಡು ಸಲ ಅವಳೇ ಕೇಳುತ್ತಿದ್ದಳು.

ಮೂರನೇ ಶನಿವಾರ ಸಿಸ್ಟರ್ ಹೊಸದೊಂದು ಸೇರಿಸಿದರು. "ಪ್ರಯತ್ನವೇ ಬೇಡ, ನೆನೆದ ಕೂಡ್ಲೇ ಪ್ರೀತಿ ಬರತ್ತಲ್ಲ, ಅಂಥ ಒಬ್ಬರನ್ನ ಎದೆಯೊಳಗೆ ಕರೀರಿ. ಸುಮ್ನೆ ನಿಲ್ಲಿಸ್ಕೊಳ್ಳಿ. ನೋಡ್ತಾ ಇರಿ."

ಅವನು ಅಣ್ಣನನ್ನು ಕರೆದ. ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸಿ ದುಡಿದ ಅಣ್ಣ, ತಮ್ಮನಿಗೆ ಮೊದಲ ಕತ್ತರಿ ಕೊಡಿಸಿದ ಅಣ್ಣ. ಬಂದವನು ಅಳತೆಗೆ ನಿಲ್ಲುವಂತೆ ತೋಳು ತುಸು ಅಗಲಿಸಿ ನಿಂತ. ಪ್ರತಿಸಲ ಹುಂಜದಂತೆ ಎದೆಯುಬ್ಬಿಸಿ ನಗಿಸುತ್ತಿದ್ದವನು ಈ ಸಲ ಉಬ್ಬಿಸಿರಲಿಲ್ಲ. ಹೌದು, ಎರಡು ತಿಂಗಳ ಹಿಂದೆ ಕೋಟಿನ ಅಳತೆಗೆ ಅಂಗಡಿಗೆ ಬಂದಾಗಲೂ ಉಬ್ಬಿಸಿರಲಿಲ್ಲ.

ಇಂಚುಟೇಪು ದಡಕ್ಕನೆ ಎದ್ದ. ಮೆಟ್ಟಿಲಿಳಿದು ಓಡಿದ. ಅಂಗಡಿಯ ಬೀಗ ತೆಗೆಯುವಾಗಷ್ಟೇ ಗೊತ್ತಾಯಿತು, ಕಾಲಲ್ಲಿದ್ದದ್ದು ಬಸ್ ಡ್ರೈವರನ ಚಪ್ಪಲಿ. ಅಳತೆ ಪುಸ್ತಕ ತೆರೆದ. ಅಣ್ಣ, ಹೋದ ವರ್ಷ: ಎದೆ ನಲವತ್ತು. ಅಣ್ಣ, ಈ ವರ್ಷ: ಎದೆ ಮೂವತ್ತೇಳು. ಅವನದೇ ಕೈಬರಹ. ಮೂರಿಂಚು ಮಾಯವಾದದ್ದನ್ನು ಬರೆದುಕೊಂಡಿದ್ದ, ನೋಡಿರಲಿಲ್ಲ. ಪುಸ್ತಕ ಮುಚ್ಚಿ ನೇರ ಅಣ್ಣನ ಮನೆಗೆ ನಡೆದ.

ಅಣ್ಣ ಹಿತ್ತಲ ಮೆಟ್ಟಿಲ ಮೇಲೆ ಕೂತು ಮದುವೆಯ ಕರೆಯೋಲೆಗಳಿಗೆ ವಿಳಾಸ ಬರೆಯುತ್ತಿದ್ದ. ತಮ್ಮ ಎರಡು ಮೆಟ್ಟಿಲು ಕೆಳಗೆ ಕೂತ. ಕೊರಳ ಟೇಪು ತೆಗೆದು ಜೇಬಿಗೆ ತುರುಕಿದ.

"ಅಣ್ಣ, ಹುಷಾರಿದೀಯಾ?"

ಕೇಳಿ, ಕಾದ.

ಅಣ್ಣ ಪೆನ್ನು ಮುಚ್ಚಿದ. "ಅವತ್ತೂ ನೀನು ಕೇಳಿದ್ದೆ ಕಣೋ, ಇದೇ ಮಾತು. ನಾನು ಇಲ್ಲ ಅಂದೆ. ನೀನು ಮೂವತ್ತೇಳು ಅಂದೆ."

ತಮ್ಮ ಒಂದು ಮೆಟ್ಟಿಲು ಮೇಲಕ್ಕೆ ಸರಿದು ಕೂತ.

"ಹೊಟ್ಟೇಲಿ ಗಡ್ಡೆ ಅಂತೆ. ತೆಗೆದ್ರೆ ಹೋಗತ್ತಂತೆ, ತಡ ಮಾಡ್ಬಾರ್ದಂತೆ. ಮನೇಲಿ ಯಾರಿಗೂ ಹೇಳಿಲ್ಲ. ನಿಂಗೊಬ್ಬನಿಗೆ ಹೇಳೋಣ ಅಂತ ಅಂಗಡೀಗೆ ಬಂದೆ. ಕೋಟು ಒಂದು ನೆಪ. ಹೇಳಿಯೂ ಬಿಟ್ಟೆ, ನೀನು ಕೇಳಿಸ್ಕೊಳ್ಳಲಿಲ್ಲ. ಎರಡನೇ ಸಲ ಹೇಳೋ ಎದೆಗಾರಿಕೆ ಬರ್ಲಿಲ್ಲ ನೋಡು. ಮದುವೆ ಮುಗೀಲಿ ಅಂತ ಸುಮ್ನಾದೆ."

"ಮದುವೆ ಕಾಯತ್ತೆ, ಗಡ್ಡೆ ಕಾಯಲ್ಲ. ಸೋಮವಾರ ಆಸ್ಪತ್ರೆಗೆ ಹೋಗ್ತಿದೀವಿ," ಎಂದ ತಮ್ಮ. ಅಣ್ಣ ಕಣ್ಣೊರೆಸಿಕೊಂಡ. ತಮ್ಮ ಅವನನ್ನು ಅವನ ಪಾಡಿಗೆ ಬಿಟ್ಟ, ಸಿಸ್ಟರ್ ಹೇಳಿದ್ದಂತೆ. ಆಮೇಲೆ ತನಗೇ ತಡೆಯಲಾಗದೆ ಎದ್ದು ತಬ್ಬಿಕೊಂಡ. ಟೇಪಿಲ್ಲದೆ ಆ ಎದೆಯನ್ನು ಅವನು ತೋಳಿಂದ ಬಳಸಿದ್ದು ಎಷ್ಟೋ ವರ್ಷಗಳ ಮೇಲೆ.

ಭಾನುವಾರ ಬೆಳಿಗ್ಗೆ ಕಡುನೀಲಿ ಬಟ್ಟೆ ಹಾಸಿದ. ಕೈ ನಡುಗಿತು. ಅಂಗೈ ಎದೆಗಿಟ್ಟು ನಾಲ್ಕು ಉಸಿರಿನಷ್ಟು ಹೊತ್ತು ನಿಂತು, ಕತ್ತರಿ ಹಾಕಿದ. ಗೆರೆ ತಪ್ಪಲಿಲ್ಲ.

ಸೋಮವಾರ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುವಾಗ, ಕಚ್ಚಾ ಹೊಲಿಗೆಯ ಕೋಟನ್ನು ಅಣ್ಣನಿಗೆ ತೊಡಿಸಿದ.

"ಒಳಗಡೆ ಏನೋ ಇದು, ಇಷ್ಟೊಂದು ದಪ್ಪ?" ಎಂದ ಅಣ್ಣ, ಅಂಚು ಮುಟ್ಟುತ್ತ.

"ಮೂರಿಂಚು ಮಡಚಿಟ್ಟಿದೀನಿ. ನೀನು ಅದನ್ನ ಎದೆಗೆ ವಾಪಸ್ ತಂದ ದಿನ ಬಿಚ್ತೀನಿ."

ಅಣ್ಣ ಉಸಿರೆಳೆದು ಹುಂಜದಂತೆ ಎದೆಯುಬ್ಬಿಸಿದ. ಕಚ್ಚಾ ಹೊಲಿಗೆ ಪಟಪಟನೆ ಕಿತ್ತುಬಂತು.