ಚಿಕ್ಕಮ್ಮನ ಎರಡು ಇಂಚು

ನಮ್ಮ ಚಿಕ್ಕಮ್ಮ ಈ ಬೀದಿಗೆಲ್ಲ ಹೆಸರುವಾಸಿ ದರ್ಜಿ. ಸೊಂಟದ ಅಳತೆ ಕೇಳಿ ಮುಖ ಊದಿಸಿಕೊಂಡವರಿಗೆ ಮೂವತ್ತು ವರ್ಷದಿಂದ ಅವಳದು ಒಂದೇ ಉತ್ತರ: "ನೀವು ಸುಳ್ಳು ಹೇಳ್ಬಹುದು ಕಣಮ್ಮ, ನನ್ನ ಟೇಪು ಹೇಳಲ್ಲ." ಎಷ್ಟು ಜನರ ಹೊಟ್ಟೆ ಉರಿಸಿದ್ದಾಳೋ ಪುಣ್ಯಾತ್ಗಿತ್ತಿ!

ಇಂಥ ಮಹಾತಾಯಿಯ ಲಂಗವೇ ನೆಲ ಗುಡಿಸತೊಡಗಿತು. "ಈಗಿನ ಬಟ್ಟೆಗೆ ಮಾನ ಮರ್ಯಾದೆ ಇಲ್ಲ, ಒಗೆದ್ರೆ ಉದ್ದ ಆಗುತ್ತೆ" ಅಂತ ಬಟ್ಟೆ ಅಂಗಡಿಯವನ ಜನ್ಮ ಜಾಲಾಡಿ, ಅಂಚು ಮಡಚಿ ಹೊಲಿದಳು. ವರ್ಷ ಬಿಟ್ಟು ಮತ್ತೆ ಮಡಚಿದಳು. ಒಗೆದ ಬಟ್ಟೆ ಕುಗ್ಗುತ್ತೆ ಅಂತ ನನಗೆ ಹೊಲಿಗೆಯ ಮೊದಲ ದಿನವೇ ಹೇಳಿಕೊಟ್ಟವಳು ಇವಳೇ.

ಒಂದು ದಿನ ಕತ್ತರಿ ಎತ್ತಲು ಬಗ್ಗಿದವಳು ಬೆನ್ನು ಹಿಡಿದುಕೊಂಡು ಅಲ್ಲೇ ಕೂತಳು. ಡಾಕ್ಟರಮ್ಮ ಎಕ್ಸ್‌ರೇ ನೋಡಿದರು. ಮೂಳೆ ಸವೆದಿದೆ, ಬೆನ್ನಿನದೊಂದು ಆಗಲೇ ಕುಸಿದಿದೆ, ಇನ್ನೊಂದು ಕುಸಿದರೆ ಮಿಷನ್ ಮುಂದೆ ಕೂರೋದನ್ನ ಮರೆತುಬಿಡಿ ಅಂದರು. ಮೂಳೆಯ ಔಷಧಿ ಬರೆದು, ಜೊತೆಗೆ ದಿನಕ್ಕೆರಡು ಸಲ ಊಟದೊಂದಿಗೆ ಕ್ಯಾಲ್ಸಿಯಂ, ವಾರಕ್ಕೊಂದು ವಿಟಮಿನ್ ಡಿ ಅಂತ ಬರೆದರು.

"ನಂಗ್ಯಾಕೆ ಡಿ? ದಿನಾ ಕಿಟಕಿ ಪಕ್ಕ ಬಿಸಿಲಲ್ಲೇ ಕೂರ್ತೀನಿ."

"ಗಾಜು ತೆಗೀತೀರಾ?"

"ಧೂಳು ಬರಲ್ವಾ!"

"ಗಾಜಿನ ಹಿಂದೆ ಕೂತ್ರೆ ಬೆವರು ಬರುತ್ತೆ, ವಿಟಮಿನ್ ಬರಲ್ಲ."

ಮನೆಗೆ ಬಂದ ಮಾತ್ರೆಗಳು ನೆಟ್ಟಗೆ ಗುಂಡಿ ಡಬ್ಬಿ ಸೇರಿದವು. ಗುಂಡಿಗಳ ಮೂಳೆ ಗಟ್ಟಿಯಾಗಲಿ ಅಂತಲೋ ಏನೋ. ಹದಿನೈದು ದಿನ ಕಳೆದರೂ ಒಂದೂ ಖರ್ಚಾಗಿರಲಿಲ್ಲ. ನನಗೆ ರೇಗಿಹೋಯಿತು. ಹಳೆಯ ಅಳತೆ ಪುಸ್ತಕ ತೆಗೆದೆ. ಅಂಗಡಿ ತೆರೆದ ದಿನ ಮೊದಲ ಪುಟದಲ್ಲಿ ಅವಳೇ ಬರೆದುಕೊಂಡಿದ್ದಳು: ಎತ್ತರ ಅರವತ್ತೆರಡು ಇಂಚು. ಅವಳನ್ನು ಗೋಡೆಗೆ ನಿಲ್ಲಿಸಿ ಅವಳದೇ ಟೇಪು ಹಿಡಿದೆ. ಅರವತ್ತು.

"ಟೇಪು ಎಳ್ಕೊಂಡು ಉದ್ದ ಆಗಿದೆ ಕಣೇ."

ಕಬ್ಬಿಣದ ಸ್ಕೇಲಿನ ಪಕ್ಕ ಇಟ್ಟು ತೋರಿಸಿದೆ. ಕೂದಲಷ್ಟೂ ವ್ಯತ್ಯಾಸವಿಲ್ಲ. ಚಿಕ್ಕಮ್ಮ ಲಂಗದ ಅಂಚಿನ ಎರಡು ಮಡಿಕೆಗಳನ್ನು ಬೆರಳಲ್ಲಿ ಸವರುತ್ತಾ ನಿಂತಳು. ಗೆದ್ದೆ ಅಂತ ಬೀಗಬೇಕಿದ್ದ ನನಗೆ ಅಳು ಬಂತು.

ಮರುದಿನ ಮಾತ್ರೆಗಳು ಗುಂಡಿ ಡಬ್ಬಿಯಿಂದ ಊಟದ ತಟ್ಟೆ ಪಕ್ಕಕ್ಕೆ, ಕಿಟಕಿ ಪಕ್ಕದ ಕುರ್ಚಿ ಹೊರಗಿನ ಮೆಟ್ಟಿಲ ಮೇಲಕ್ಕೆ ಬಂದವು. ಬೇಕರಿಯ ಹೆಂಗಸು ಅಳತೆ ಕೊಡಲು ಬಂದವಳು ಎಂದಿನಂತೆ ಸಿಡುಕಿದಳು: "ನನ್ನ ಸೊಂಟ ಅಷ್ಟಿಲ್ಲಪ್ಪ, ನಿಮ್ಮ ಟೇಪು ಸುಳ್ಳು ಹೇಳುತ್ತೆ."

ಚಿಕ್ಕಮ್ಮ ಬಿಸಿಲಲ್ಲಿ ಟೇಪು ಸುತ್ತುತ್ತಾ ಅಂದಳು: "ಹೇಳಲಿ ಅಂತ ನಂಗೂ ಆಸೆ ಇತ್ತಮ್ಮ."