ಗಲ್ಲಕ್ಕೆ ಹಚ್ಚಿದ ಬೆಣ್ಣೆ

ಮೊನ್ನೆ ಗಡ್ಡ ಹೆರೆಯುವಾಗ ಗಲ್ಲ ಕೊಯ್ದುಕೊಂಡೆ. ಬಾಗಿಲಲ್ಲಿ ಕಾಯುತ್ತಿದ್ದ ಬೀದಿನಾಯಿಗೆ ಹಾಲು ಹಾಕಲು ಬಗ್ಗಿದ್ದೇ ತಡ, ಅದು ಹಾಲು ಬಿಟ್ಟು ನನ್ನ ಗಲ್ಲ ನೆಕ್ಕಿತು. "ಒಳ್ಳೇದೇ ಆಯ್ತು, ಬೇಗ ಮಾಯುತ್ತೆ" ಎಂದೆ. ಹೆಂಡತಿ ಸೋಪು ಹಾಕಿ ಗಲ್ಲ ತಿಕ್ಕಿ ತೊಳೆದು, ನಂಜನಗೂಡಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. "ನಾಯಿ ಜೊಲ್ಲು ಔಷಧಿ ಅಂತ ಯಾರ್ರೀ ಹೇಳಿದ್ದು ನಿಮಗೆ?" ಎನ್ನುತ್ತಲೇ ಡಾಕ್ಟರು ಸೂಜಿ ಚುಚ್ಚಿದರು.

ಹೇಳಿದ್ದು ನಮ್ಮಜ್ಜಿ. "ನಾಯಿ ಯಾವ್ ಆಸ್ಪತ್ರೆಗೆ ಓಯ್ತದ್ಲಾ? ನೆಕ್ಕಂಡೇ ವಾಸಿ ಮಾಡ್ಕತದೆ" ಎಂಬುದು ಅವಳ ವಾದ. ಹದಿನಾರು ಎಂಬ ಊರಿನ ನಮ್ಮ ಮನೆಯಲ್ಲಿ ಯಾರಿಗೆ ಮಂಡಿ ತರಚಿದರೂ, ಹುಣ್ಣಾದರೂ, ಅದರ ಮೇಲೆ ಚೂರು ಬೆಣ್ಣೆ ಸವರಿ ನಮ್ಮ ನಾಯಿ ಕೆಂಚನನ್ನು ಕರೆಯುತ್ತಿದ್ದಳು. ಬೆಣ್ಣೆ ಮುಗಿದೊಡನೆ ಚಿಕಿತ್ಸೆಯೂ ಮುಗಿಯುತ್ತಿತ್ತು. ಗಾಯ ತನಗೆ ಬೇಕಾದಷ್ಟು ದಿನ ತೆಗೆದುಕೊಂಡು ತಾನೇ ಮಾಯುತ್ತಿತ್ತು, ಹೆಸರು ಮಾತ್ರ ಕೆಂಚನಿಗೆ.

ನಮ್ಮ ಚಿಕ್ಕಪ್ಪನಿಗೆ ಆಗ ಹೆಣ್ಣು ನೋಡುತ್ತಿದ್ದರು. ಅವರೋ ಮಾತಿನವರಲ್ಲ. ಹೋದ ಮನೆಯಲ್ಲೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದರು; ಆ ಕಡೆಯಿಂದ ಮತ್ತೆ ಉತ್ತರವೇ ಇಲ್ಲ. ನರಸೀಪುರದ ಹೆಣ್ಣೂ ತಪ್ಪಿದರೆ ಇನ್ನು ಮದುವೆಯ ಮಾತೆತ್ತಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಅಲ್ಲಿಗೆ ಹೊರಟ ಬೆಳಿಗ್ಗೆಯೇ ಗಾಬರಿಯಲ್ಲಿ ಗಲ್ಲ ಕೊಯ್ದುಕೊಂಡರು. ಅಜ್ಜಿ ಬೆಣ್ಣೆ ತಂದಳು. ಹಿಂದಿನ ದಿನ ಯಾರದೋ ಬೀಗರೂಟದ ಎಲೆ ನೆಕ್ಕಿ ಬಂದಿದ್ದ ಕೆಂಚ ಮೂಸಿಯೂ ನೋಡಲಿಲ್ಲ. ಅಜ್ಜಿ ಇನ್ನಷ್ಟು ಬೆಣ್ಣೆ ಮೆತ್ತಿದಳು. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. ಬೆಣ್ಣೆ ಗಲ್ಲದ ಮೇಲೇ ಉಳಿಯಿತು.

ಕಾಲೇಜಿನಲ್ಲಿದ್ದ ನಾನೂ ಜೊತೆಗೆ ಹೋಗಿದ್ದೆ. ಹುಡುಗಿ ಬಂದು ಚಿಕ್ಕಪ್ಪನ ಒಂದು ಕೈಗೆ ಉಪ್ಪಿಟ್ಟಿನ ತಟ್ಟೆ, ಇನ್ನೊಂದಕ್ಕೆ ಕಾಫಿ ಲೋಟ ಕೊಟ್ಟು ಒಳಗೆ ಹೋದಳು. "ಉಪ್ಪಿಟ್ಟು ಅವಳೇ ಮಾಡಿದ್ದು" ಎಂದರು ಅವಳಪ್ಪ. ಆಗ ಹಿತ್ತಿಲಿಂದ ಅವರ ಮನೆಯ ನಾಯಿ ಬಂತು. ಸೀದಾ ಚಿಕ್ಕಪ್ಪನ ತೊಡೆಯ ಮೇಲೆ ಮುಂಗಾಲಿಟ್ಟು ಗಲ್ಲ ನೆಕ್ಕತೊಡಗಿತು. "ಅಚಾ! ಅಚಾ!" ಎಂದು ಮನೆಯವರೆಲ್ಲ ಕೂಗಿಕೊಂಡರೂ ಬೆಣ್ಣೆ ಮುಗಿಯುವವರೆಗೆ ಅದು ಕದಲಲಿಲ್ಲ. ಚಿಕ್ಕಪ್ಪ ಕಣ್ಣು ಮುಚ್ಚಿ ಕೂತಿದ್ದರು. ಬಾಗಿಲ ಸಂದಿಯಲ್ಲಿ ಹುಡುಗಿ ನಕ್ಕದ್ದು ಕೇಳಿಸಿತು. ಈ ಸಂಬಂಧವೂ ಕೈತಪ್ಪಿತು ಎಂದುಕೊಂಡು, ನನಗೆ ಅಳುವೇ ಬಂದಿತ್ತು.

ವಾರದೊಳಗೆ ಹುಡುಗಿ ಒಪ್ಪಿದ್ದಾಳೆಂದು ಸುದ್ದಿ ಬಂತು. "ನಾಯಿ ಯಾರ್ ಮನೇದಾದ್ರೇನು, ಗುಣ ಒಂದೇ ಅಲ್ವಾ?" ಎಂದು ಅಜ್ಜಿ ಬೀಗಿದಳು.

ನನಗೆ ಸೂಜಿ ಚುಚ್ಚಿದ ಸುದ್ದಿ ತಿಳಿದು ಚಿಕ್ಕಪ್ಪ, ಚಿಕ್ಕಮ್ಮ ನೋಡಲು ಬಂದಿದ್ದರು. "ನಿಜ ಹೇಳಿ ಚಿಕ್ಕಮ್ಮ, ಅವತ್ತು ಏನು ನೋಡಿ ಒಪ್ಪಿದ್ರಿ?" ಎಂದೆ.

"ಮೊಕ ನೋಡಂತೂ ಅಲ್ಲ ಕಣಪ್ಪ. ನಾಯಿ ಆಪಾಟಿ ನೆಕ್ತಿದ್ರೂ ತಳ್ನಿಲ್ವಲ್ಲ, ನನ್ನೂ ತಡ್ಕತಾರೆ ಅಂತ ಒಪ್ದೆ."

"ತಳ್ಳೋಕೆ ಕೈ ಎಲ್ಲಿತ್ತು? ಎರಡೂ ಕೈ ತುಂಬಿತ್ತಲ್ಲ!" ಎಂದೆ ನಾನು.

"ತಟ್ಟೆ ಕೆಳೀಕ್ ಮಡುಗ್ಬೋದಿತ್ತಲ್ಲ?" ಎಂದರು ಚಿಕ್ಕಮ್ಮ.

ಆಗ ಚಿಕ್ಕಪ್ಪ ಬಾಯಿಬಿಟ್ಟರು. "ಮಡುಗಿದ್ರೆ ಉಪ್ಪಿಟ್ಟಿಗೆ ಬಾಯಾಕ್ಬುಡದು ಕಣೇ. ನೀನ್ ಮಾಡಿದ್ದು ಅಂದಿದ್ರಲ್ಲ."

ಚಿಕ್ಕಮ್ಮನ ಕಣ್ಣು ಒದ್ದೆಯಾಗಿತ್ತು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅವತ್ತು ಉಪ್ಪಿಟ್ಟು ಮಾಡಿದ್ದು ನಮ್ಮತ್ತಿಗೆ. ನಿಮ್ ಚಿಕ್ಕಪ್ಪಂಗೆ ಯೋಳ್ಬ್ಯಾಡ ಕಣಪ್ಪ" ಎಂದರು.