ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಸಿದ ದಿನ

ಕೊರೋನಾ ತಗ್ಗಿದ ಮರುವರ್ಷ ನಾನು ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಬೆನ್ನುಮೂಳೆಯ ಶಸ್ತ್ರವೈದ್ಯನಾಗಿದ್ದೆ. ಇಪ್ಪತ್ತೆರಡು ವರ್ಷದ ಅನುಭವ. ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದ ಕೂಡಲೇ ರೋಗ ಹೇಳಿಬಿಡುವ ಜಂಬವೂ ಅಷ್ಟೇ ಹಳೆಯದು.

ಆಗ ಹರಿಹರದಿಂದ ನಸ್ರೀನ್ ಬಾನು ಬಂದರು. ಮೂವತ್ತಾರರ ವಯಸ್ಸು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ನಾಲ್ಕು ತಿಂಗಳಿಂದ ಬೆನ್ನುನೋವು, ಈಚೆಗೆ ಕಾಲು ಜೋಮು. ಜ್ವರವಿಲ್ಲ, ಕೆಮ್ಮಿಲ್ಲ. ಬೆನ್ನಿನ ಕ್ಷಯ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಮೂಳೆಗಳನ್ನೂ ನಡುವಿನ ಡಿಸ್ಕನ್ನೂ ತಿನ್ನುತ್ತದೆ. ಇವರಿಗೆ ದೂರದೂರದ ಮೂರು ಮೂಳೆಗಳು ಹಾಳಾಗಿದ್ದವು, ಡಿಸ್ಕ್‌ಗಳೆಲ್ಲ ನೆಟ್ಟಗಿದ್ದವು. ಎಲ್ಲಿಂದಲೋ ಹರಡಿದ ಕ್ಯಾನ್ಸರ್ ಎಂದು ತೀರ್ಮಾನಿಸಿ, ಗಂಡ ರಫೀಕ್‌ಗೂ ಹೇಳಿಬಿಟ್ಟೆ.

ಸೂಜಿ ಹಾಕಿ ಮೂಳೆಯ ಚೂರು ತೆಗೆದಾಗ ನರ್ಸ್ ಕೇಳಿದರು, "ಸರ್, ಸಲೈನ್‌ಗೂ ಒಂದು ಚೂರು ಹಾಕ್ಲಾ?"

"ಬ್ಯಾಡ ಸಿಸ್ಟರ್, ಎಲ್ಲಾ ಫಾರ್ಮಲಿನ್‌ಗೇ ಹಾಕ್ರಿ."

ಫಾರ್ಮಲಿನ್ ಕ್ಯಾನ್ಸರ್ ಪರೀಕ್ಷೆಗೆ ಚೂರನ್ನು ಕೆಡದಂತೆ ಇಡುತ್ತದೆ. ಆದರೆ ಕ್ಷಯದ ರೋಗಾಣುವನ್ನು ಕೊಂದುಬಿಡುತ್ತದೆ, ಆಮೇಲೆ ಅದನ್ನು ಬೆಳೆಸಿ ನೋಡಲಾಗದು; ಅದಕ್ಕೆ ಸಲೈನ್, ಅಂದರೆ ಉಪ್ಪುನೀರಿನಲ್ಲಿಟ್ಟ ಚೂರೇ ಬೇಕು.

ಎಂಟನೇ ದಿನ ವರದಿ ಬಂತು: ಕ್ಯಾನ್ಸರ್ ಇಲ್ಲ, ಕ್ಷಯದ ಶಂಕೆಯಿದೆ, ಹೊಸ ಸ್ಯಾಂಪಲ್ ಕಳಿಸಿ. ಅಷ್ಟರಲ್ಲಿ ನಸ್ರೀನ್ ಗೋಡೆ ಹಿಡಿಯದೆ ನಿಲ್ಲಲಾರದ ಸ್ಥಿತಿಗೆ ಬಂದಿದ್ದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಂದಾಜಿನ ಮೇಲೆ ಮಾತ್ರೆ ಶುರುಮಾಡಲೇ? ಮಾತ್ರೆಗೆ ಬಗ್ಗದ ಕ್ಷಯವಾಗಿದ್ದರೆ? ಮತ್ತೆ ಚುಚ್ಚಬೇಕೆಂದರೆ ತಪ್ಪು ಒಪ್ಪಿಕೊಳ್ಳಬೇಕು. ಅವರು ದಾಖಲಾಗಿದ್ದ ವಾರ್ಡಿನ ಬಾಗಿಲವರೆಗೆ ನಾಲ್ಕು ಸಲ ಹೋಗಿ ವಾಪಸಾದೆ. ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಐದನೇ ಸಲ ಒಳಗೆ ಹೋಗಿ ಎಲ್ಲ ಹೇಳಿದೆ. ರಫೀಕ್ ಕೆಂಡವಾದರು.

"ಎಂಟು ದಿನ ಮನ್ಯಾಗ ಒಲೆ ಹಚ್ಚಿಲ್ರೀ ಡಾಕ್ಟ್ರೆ. ಈಗ ಮತ್ತೆ ಚುಚ್ತೀನಿ ಅಂತೀರಲ್ರೀ?"

ನಸ್ರೀನ್ ತಡೆದರು. "ನೀವು ಸುಮ್ನಿರ್ರಿ. ತಪ್ಪಾತು ಅಂತ ಅವ್ರೇ ಹೇಳಾಕತ್ತಾರ. ಚುಚ್ರಿ ಸರ್, ಲಗೂನ ಚುಚ್ರಿ."

ಅಂದೇ ಮಧ್ಯಾಹ್ನ ಚುಚ್ಚಿದೆ. ಈ ಸಲ ಕೀವು ಬಂತು, ಸಲೈನ್‌ನಲ್ಲಿ ಕಳಿಸಿದೆ. ರೋಗಾಣುವನ್ನು ಬೇಗ ಪತ್ತೆಹಚ್ಚುವ ಸಿಬಿನಾಟ್ ಪರೀಕ್ಷೆಯಲ್ಲಿ ಕೆಲವೇ ತಾಸಿನಲ್ಲಿ ಉತ್ತರ ಸಿಕ್ಕಿತು: ಕ್ಷಯವೇ, ಮಾಮೂಲಿ ಮಾತ್ರೆಗೆ ಬಗ್ಗುವಂಥದ್ದು. ಸಂಜೆಗೇ ಔಷಧಿ ಶುರುವಾಯಿತು.

ಒಂದೂವರೆ ವರ್ಷ ತಪ್ಪದೆ ಮಾತ್ರೆ ನುಂಗಿದರು. ಕಡೆಯ ತಪಾಸಣೆಗೆ ಹರಿಹರದ ಬಸ್ಸಿಳಿದು ನಡೆದೇ ಬಂದರು. ಎಡಗಾಲು ಮಾತ್ರ ತುಸು ಎಳೆಯುತ್ತಿತ್ತು.

"ನಡೀತೀನಲ್ಲ ಸರ್, ಅಷ್ಟು ಸಾಕು" ಎಂದರು.

ಆ ಎಂಟು ದಿನ ವ್ಯರ್ಥವಾಗದಿದ್ದರೆ ಆ ಕಾಲೂ ಪೂರ್ತಿ ಸರಿಹೋಗುತ್ತಿತ್ತೋ ಏನೋ, ಯಾರೂ ಹೇಳಲಾರರು. ಈಗ ಪ್ರತಿ ಬಯಾಪ್ಸಿಗೂ ಎರಡು ಬಾಟಲಿ ಇಡಿಸುತ್ತೇನೆ, ಒಂದು ಫಾರ್ಮಲಿನ್, ಇನ್ನೊಂದು ಸಲೈನ್. ಅನುಮಾನವಿದ್ದಾಗ ಯಾರು ಬೇಕಾದರೂ ಇಡುತ್ತಾರೆ. ನನಗೆ ಅನುಮಾನವೇ ಬರದ ದಿನ ಆ ಎರಡನೇ ಬಾಟಲಿ ಅಲ್ಲಿರಬೇಕು.